ನೂರು ಕಿಲೋಮೀಟರ್ ಕೂತರೂ ನೋಯದ ಸೀಟು

ಶಿವಮೊಗ್ಗದಿಂದ ಸೈಕಲ್ಲಿನಲ್ಲಿ ಗಾಜನೂರು ದಾಟಿ ಸಕ್ರೆಬೈಲಿನವರೆಗೆ ಹೋಗಿ ಬಂದರೆ ಸುಮಾರು 28 ಕಿಲೋಮೀಟರ್. ಅಷ್ಟು ದೂರಕ್ಕೆ ಯಾವ ಸೀಟಾದರೂ ನಡೆಯುತ್ತದೆ. ಅದೇ ದಾರಿಯಲ್ಲಿ ಮಂಡಗದ್ದೆ ಮುಟ್ಟಿ ತಿರುಗಿದರೆ 60, ತೀರ್ಥಹಳ್ಳಿಗೆ ಹೋಗಿ ಬಂದರೆ 120. ಸೀಟಿನ ಗುಣ ಗೊತ್ತಾಗುವುದು 40 ಕಿಲೋಮೀಟರ್ ಕಳೆದ ಮೇಲೆಯೇ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಅಮುಕಿ ನೋಡಿ, ಮೆತ್ತಗಿದೆ ಎಂದು ಖುಷಿಪಟ್ಟು ತಂದ ಸೀಟು ಹೆಚ್ಚಾಗಿ ಕೈಕೊಡುವುದು ಅಲ್ಲೇ. ದೂರದ ಸವಾರಿಯಲ್ಲಿ ಮೆತ್ತಗಿರುವುದು ಬೇರೆ, ಹಿತವಾಗಿರುವುದು ಬೇರೆ. ಅಗಲ, ಎತ್ತರ, ಬಾಗು ಈ ಮೂರೂ ಕೂಡಿಬಂದರೆ ನೋಡಲು ಹಲಗೆಯಂತಿರುವ ಸೀಟಿನ ಮೇಲೂ ದಿನವಿಡೀ ಕೂರಬಹುದು.

ಏಕೆಂದು ತಿಳಿಯಲು ಒಂದು ಗಟ್ಟಿ ಬೆಂಚಿನ ಮೇಲೆ ಅಂಗೈ ಕೆಳಗಿಟ್ಟುಕೊಂಡು ಕೂತು ನೋಡಿ. ಎರಡು ಮೂಳೆಯ ಗಂಟುಗಳು ಕೈಗೆ ಒತ್ತುತ್ತವೆ. ದೇಹದ ಭಾರ ಹೊರಲು ಇರುವುದೇ ಅವು. ಸೀಟಿನ ಹಿಂಭಾಗ ಆ ಎರಡು ಗಂಟುಗಳಿಗೆ ಸರಿಯಾಗಿ ಆಸರೆ ಕೊಟ್ಟರೆ ಮಧ್ಯದ ಮೃದು ಭಾಗಕ್ಕೆ ಭಾರ ಬೀಳುವುದಿಲ್ಲ. ಸೀಟು ತೀರಾ ಮೆತ್ತಗಿದ್ದರೆ ಮೂಳೆಗಳು ಒಳಕ್ಕೆ ಹೂತುಹೋಗುತ್ತವೆ, ನಡುವಿನ ಸ್ಪಂಜು ಮೇಲಕ್ಕೆ ಉಬ್ಬಿ ತೊಡೆಸಂದಿನ ನರ ಮತ್ತು ರಕ್ತನಾಳಗಳನ್ನು ಒತ್ತುತ್ತದೆ. ಒಂದು ಗಂಟೆಯ ಹೊತ್ತಿಗೆ ಜೋಮು ಹಿಡಿಯುವುದು ಇದರಿಂದಲೇ. ಇರುವ ಸೀಟಿನ ಮೇಲೆ ಜೆಲ್ ಕವರ್ ತೊಡಿಸಿದರೆ ತೊಂದರೆ ಇನ್ನೂ ಹೆಚ್ಚು. ಅದು ಓಡುವಾಗ ಅತ್ತಿತ್ತ ಜಾರಿ ತೊಡೆಯನ್ನೂ ಉಜ್ಜುತ್ತದೆ. ಮಾರ್ಕೆಟ್ಟಿಗೆ ಹೋಗಿಬರುವವರಿಗೆ ಕವರ್ ಸಾಕು, ತೀರ್ಥಹಳ್ಳಿಗೆ ಹೊರಟವರಿಗೆ ಬೇಡ.

ಮೊದಲು ಮೂಳೆಯ ಅಳತೆ

ಇದಕ್ಕೆ ಬೇಕಾದದ್ದು ಕೊರಿಯರ್ ಡಬ್ಬಿಯ ಒಂದು ರಟ್ಟು, ಚಾಕ್‌ಪೀಸು, ಸ್ಕೇಲು. ರಟ್ಟು ಒಳಗೆ ಅಲೆಅಲೆಯಾಗಿ ಪದರವಿರುವಂಥದ್ದೇ ಆಗಬೇಕು. ನೋಟ್‌ಬುಕ್ಕಿನ ರಟ್ಟಿನ ಮೇಲೆ ಗುರುತು ಮೂಡುವುದಿಲ್ಲ. ಮನೆಯ ಜಗಲಿ ಕಟ್ಟೆಯ ಅಂಚು ಇದಕ್ಕೆ ಹೇಳಿಮಾಡಿಸಿದ ಜಾಗ: ಗಟ್ಟಿ, ಸಮತಟ್ಟು, ಕಾಲು ಇಳಿಬಿಡಲು ಎತ್ತರವೂ ಸರಿ. ಜಗಲಿ ಇಲ್ಲದವರು ಮೆಟ್ಟಿಲ ಮೇಲೆ ಕೂರಬಹುದು. ಸೋಫಾ, ಪ್ಲಾಸ್ಟಿಕ್ ಕುರ್ಚಿ ಬೇಡ.

ದಪ್ಪ ಜೀನ್ಸ್ ಬದಲು ತೆಳು ಚಡ್ಡಿ ಹಾಕಿಕೊಳ್ಳಿ. ರಟ್ಟಿನ ಮೇಲೆ ಕೂತು, ಪಾದದ ಕೆಳಗೆ ಇಟ್ಟಿಗೆಯನ್ನೋ ಮಣೆಯನ್ನೋ ಇಟ್ಟು ಮೊಣಕಾಲು ಸೊಂಟಕ್ಕಿಂತ ತುಸು ಮೇಲೆ ಬರುವಂತೆ ಮಾಡಿ. ಆಮೇಲೆ ನಿಮ್ಮ ಸೈಕಲ್ ಮೇಲೆ ಎಷ್ಟು ಬಾಗುತ್ತೀರೋ ಅಷ್ಟೇ ಮುಂದಕ್ಕೆ ಬಾಗಿ, ಎರಡೂ ಕೈಯಿಂದ ಕಟ್ಟೆಯ ಅಂಚು ಹಿಡಿದು ದೇಹವನ್ನು ಕೆಳಕ್ಕೆ ಎಳೆದುಕೊಳ್ಳಿ. ಅರ್ಧ ನಿಮಿಷ ಅಲ್ಲಾಡದೆ ಕೂರಿ. ಎದ್ದ ಕೂಡಲೇ ರಟ್ಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಎರಡು ತಗ್ಗು ಕಾಣುತ್ತವೆ. ಕಾಣದಿದ್ದರೆ ಚಾಕ್‌ಪೀಸನ್ನು ಮಲಗಿಸಿ ಹಗುರವಾಗಿ ಸವರಿ; ಸುತ್ತ ಬಿಳುಪಾಗಿ ತಗ್ಗು ಮಾತ್ರ ರಟ್ಟಿನ ಬಣ್ಣದಲ್ಲೇ ಉಳಿಯುತ್ತದೆ. ಎರಡೂ ತಗ್ಗಿನ ನಟ್ಟನಡುವೆ ಚುಕ್ಕಿ ಇಟ್ಟು ಚುಕ್ಕಿಯಿಂದ ಚುಕ್ಕಿಗೆ ಮಿಲಿಮೀಟರಿನಲ್ಲಿ ಅಳೆಯಿರಿ. ಹೊಸ ರಟ್ಟಿನ ಮೇಲೆ ಮೂರು ಸಲ ಮಾಡಿ. ಮೂರರಲ್ಲೂ 5 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೂರುವಾಗ ಎಲ್ಲೋ ಜಾರಿದ್ದೀರಿ ಎಂದರ್ಥ.

ಹೆಚ್ಚಿನವರಿಗೆ ಇದು 100ರಿಂದ 140ರ ಒಳಗೆ ಬರುತ್ತದೆ. ಹೆಂಗಸರಲ್ಲಿ ಸಾಮಾನ್ಯವಾಗಿ ತುಸು ಹೆಚ್ಚು. ಆದರೆ ಡಬ್ಬಿಯ ಮೇಲೆ ಗಂಡಸರದ್ದು, ಹೆಂಗಸರದ್ದು ಎಂದು ಬರೆದಿರುವುದನ್ನು ನಂಬಿ ಕೊಳ್ಳಬೇಡಿ, ರಟ್ಟಿನ ಮೇಲಿನ ಅಂಕೆಯನ್ನು ನಂಬಿ. ದಪ್ಪಗಿದ್ದವರಿಗೆ ಅಗಲ ಸೀಟು ಬೇಕು ಎನ್ನುವುದೂ ತಪ್ಪು. ಮೂಳೆಯ ಅಂತರಕ್ಕೂ ಮೈತೂಕಕ್ಕೂ ಹೊಂದಿಕೆ ಇಲ್ಲ. ಸಣಕಲು ದೇಹದವರಿಗೆ 130, ದೊಡ್ಡ ದೇಹದವರಿಗೆ 110 ಬಂದೀತು.

ಈ ಅಂಕೆಗೆ ನೀವು ಕೂರುವ ಭಂಗಿಗೆ ತಕ್ಕಂತೆ ಕೂಡಿಸಬೇಕು. ಬಾಗು ಹ್ಯಾಂಡಲ್ ಹಿಡಿದು ತಗ್ಗಿ ಓಡಿಸುವವರು 10ರಿಂದ 15 ಮಿಲಿಮೀಟರ್, ಹೈಬ್ರಿಡ್ ಸೈಕಲ್ಲಿನಲ್ಲಿ ಅರ್ಧ ಬಾಗಿ ಕೂರುವವರು 20, ಬೆನ್ನು ನೆಟ್ಟಗೆ ಇಟ್ಟು ಓಡಿಸುವವರು 25ರಿಂದ 30. ಬಾಗಿದಷ್ಟೂ ಸೊಂಟ ಮುಂದಕ್ಕೆ ಉರುಳಿ, ಮೂಳೆಯ ಕಿರಿದಾದ ಮುಂಭಾಗ ಸೀಟಿಗೆ ತಾಗುತ್ತದೆ. ಅದಕ್ಕೇ ಈ ಲೆಕ್ಕ. ಉದಾಹರಣೆಗೆ 118 ಬಂದು, ಹೈಬ್ರಿಡ್ ಓಡಿಸುವವರಾದರೆ 138. ಅಂಗಡಿಯಲ್ಲಿ ಸಿಗುವ ಅಗಲಗಳು 130, 143, 155 ಹೀಗೆ ಇರುವುದರಿಂದ 143 ತೆಗೆದುಕೊಳ್ಳಿ. ಎರಡರ ನಡುವೆ ಬಿದ್ದರೆ ದೊಡ್ಡದೇ ಒಳ್ಳೆಯದು. ಒಳತೊಡೆ ಉಜ್ಜಿದರೆ ಮಾತ್ರ ಚಿಕ್ಕದಕ್ಕೆ ಇಳಿಯಿರಿ.

ಹಳೇ ಕರಿ ಸೈಕಲ್ಲಿನ ಸ್ಪ್ರಿಂಗ್ ಸೀಟು ನೆನಪಿರಬಹುದು. ಅದು ಅಷ್ಟು ಅಗಲವಾಗಿದ್ದುದು ತಪ್ಪೇನಲ್ಲ. ಆ ಸೈಕಲ್ಲಿನ ಮೇಲೆ ಬೆನ್ನು ನೆಟ್ಟಗಿರುತ್ತಿತ್ತು, ಇಡೀ ಭಾರ ಸೀಟಿನ ಮೇಲೆಯೇ ಬೀಳುತ್ತಿತ್ತು. ಅದನ್ನೇ ತಂದು ಬಾಗಿ ಓಡಿಸುವ ಸೈಕಲ್ಲಿಗೆ ಹಾಕಿದರೆ 20 ಕಿಲೋಮೀಟರಿನಲ್ಲಿ ತೊಡೆ ಕಿತ್ತುಬರುತ್ತದೆ.

ಯಾವ ಸೀಟು

ಬಾಗಿ ಕೂತಾಗ ಜೋಮು ಹಿಡಿಯುವ ಅಭ್ಯಾಸವಿದ್ದರೆ ನಡುವೆ ಸೀಳು ಇರುವ ಸೀಟು ನೋಡಿ. ಎಲ್ಲರಿಗೂ ಸೀಳು ಹಿಡಿಸುವುದಿಲ್ಲ; ಕೆಲವರಿಗೆ ಅದರ ಅಂಚೇ ಒತ್ತುತ್ತದೆ. ಹಿಂದಿನಿಂದ ನೋಡಿದಾಗ ಗುಡ್ಡದಂತೆ ದುಂಡಗಿರುವ ಸೀಟಿನಲ್ಲಿ ಮೂಳೆಗಳು ಇಳಿಜಾರಿನ ಮೇಲೆ ಕೂತು ಭಾರ ನಡುವಿಗೆ ಬೀಳುತ್ತದೆ. ಮೂಳೆ ಕೂರುವ ಜಾಗ ಸಮತಟ್ಟಾಗಿರಲಿ. ಅಗಲ ಸರಿಯಿದ್ದೂ ಜೋಮು ಬರುತ್ತಿದ್ದರೆ ಮೊದಲು ಈ ದುಂಡನ್ನು ಅನುಮಾನಿಸಿ. ಸ್ಪಂಜು ಗಟ್ಟಿಯಾಗಿ, ಬೆರಳಿನಿಂದ ಜೋರಾಗಿ ಒತ್ತಿದರೆ ತುಸುವೇ ತಗ್ಗುವಂತಿದ್ದರೆ ಸಾಕು.

ತೊಗಲಿನ ಸೀಟಿನ ವಿಷಯ ಕೇಳುವವರು ಬಹಳ. 1866ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಬ್ರೂಕ್ಸ್ ಕಂಪನಿಯ ಬಿ17 ದೂರದ ಸವಾರರಲ್ಲಿ ಹೆಸರಾದದ್ದು. ಅದರಲ್ಲಿ ಸ್ಪಂಜೇ ಇಲ್ಲ. ದಪ್ಪ ತೊಗಲನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಸವಾರನ ಮೂಳೆಗೆ ತಕ್ಕಂತೆ ನಿಧಾನಕ್ಕೆ ಪಳಗಲು ಬಿಡುತ್ತಾರೆ. ಪಳಗಿದ ಮೇಲೆ ಅದರಷ್ಟು ಹಿತ ಇನ್ನೊಂದಿಲ್ಲ ಎನ್ನುವವರಿದ್ದಾರೆ, ಮಾತಿನಲ್ಲಿ ಸತ್ಯವೂ ಇದೆ. ಆದರೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಅದನ್ನು ಸಾಕುವುದು ಕಷ್ಟ. ಒದ್ದೆ ತೊಗಲಿನ ಮೇಲೆ ಕೂತು ಓಡಿಸಿದರೆ ಅದು ಜೋಲುಬಿದ್ದು ಜೋಳಿಗೆಯಾಗುತ್ತದೆ. ನೀರು ಹೊಕ್ಕುವುದು ಮೇಲಿನಿಂದಷ್ಟೇ ಅಲ್ಲ, ಹಿಂದಿನ ಚಕ್ರ ಎರಚುವ ನೀರನ್ನು ಪಾಲಿಶ್ ಇಲ್ಲದ ಅಡಿಭಾಗವೂ ಹೀರಿಕೊಳ್ಳುತ್ತದೆ. ತೊಗಲಿನ ಸೀಟು ಇಟ್ಟುಕೊಳ್ಳುವವರಿಗೆ ಹಿಂದೆ ಉದ್ದನೆಯ ಮಡ್‌ಗಾರ್ಡ್ ಕಡ್ಡಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಬಿಚ್ಚಿ ಗಾಳಿಯಾಡುವ ಕಡೆ ತೂಗುಹಾಕಿ, ವಾರಕ್ಕೊಮ್ಮೆ ಒಣಬಟ್ಟೆಯಿಂದ ಬೂಷ್ಟು ಒರೆಸಿ. ಆ ನಾಲ್ಕು ತಿಂಗಳು ಸಾಧಾರಣ ಸ್ಪಂಜಿನ ಸೀಟೇ ವಾಸಿ.

ಕೂರಿಸುವ ಕ್ರಮ

ಒಳ್ಳೆಯ ಸೀಟನ್ನು ತಪ್ಪಾಗಿ ಕೂರಿಸಿ, ಸೀಟೇ ಸರಿಯಿಲ್ಲ ಎಂದು ಮೂಲೆಗೆ ಎಸೆದವರು ಲೆಕ್ಕವಿಲ್ಲದಷ್ಟಿದ್ದಾರೆ. ಹೊಸದು ಕೊಳ್ಳುವ ಮೊದಲು ಇರುವುದನ್ನೇ ಸರಿಯಾಗಿ ಕೂರಿಸಿ ನೋಡಿ. 4, 5, 6 ಮಿಲಿಮೀಟರಿನ ಅಲನ್ ಕೀ, ಅಳತೆಯ ಟೇಪು, ಸ್ವಲ್ಪ ಗ್ರೀಸು, ಒಂದು ರಸಮಟ್ಟ ಇದ್ದರೆ ಸಾಕು. ರಸಮಟ್ಟ ಇಲ್ಲದಿದ್ದರೆ ಮೊಬೈಲಿನಲ್ಲಿರುವ ಮಟ್ಟದ ಆ್ಯಪ್ ನಡೆಯುತ್ತದೆ. ಈಗಿರುವ ಎತ್ತರಕ್ಕೆ, ಸೀಟನ್ನು ಹೊತ್ತ ಕಂಬವಾದ ಸೀಟ್‌ಪೋಸ್ಟಿನ ಸುತ್ತ ಇನ್ಸುಲೇಶನ್ ಟೇಪ್ ಒಂದು ಸುತ್ತು ಹಾಕಿಕೊಳ್ಳಿ, ಎಡವಿದರೆ ಹಿಂದಕ್ಕೆ ಬರಲು ದಾರಿ ಇರುತ್ತದೆ.

ಮೊದಲು ಎತ್ತರ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ರಟ್ಟಿನ ಹೊದಿಕೆಯ ಪುಸ್ತಕವನ್ನು ಕಾಲಿನ ನಡುವೆ ಮೇಲಕ್ಕೆ ಗಟ್ಟಿಯಾಗಿ ಒತ್ತಿ, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. 80 ಸೆಂಟಿಮೀಟರ್ ಬಂದರೆ 70.6. ಪೆಡಲಿನ ತೋಳಾದ ಕ್ರ್ಯಾಂಕ್ ತಿರುಗುವ ಅಚ್ಚಿನ ನಡುಮಧ್ಯದಿಂದ ಸೀಟಿನ ಮೇಲ್ಭಾಗಕ್ಕೆ, ಸೀಟ್ ಪೈಪಿನ ಓರೆಯಲ್ಲೇ, ಇಷ್ಟು ಇರಬೇಕು. ಇದು ಶುರು ಮಾಡಲು ಮಾತ್ರ. ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ಪೆಡಲನ್ನು ತೀರಾ ಕೆಳಗೆ ತಂದು ಹಿಮ್ಮಡಿ ಇಟ್ಟು ನೋಡಿ. ಕಾಲು ಸೊಂಟ ವಾಲದೆ ನೆಟ್ಟಗಾದರೆ ಸರಿ. ಪಾದದ ಮುಂಭಾಗ ಪೆಡಲಿಗೆ ಬಂದಾಗ ಮೊಣಕಾಲಿನಲ್ಲಿ ಸಣ್ಣ ಬಾಗು ತಾನಾಗಿ ಉಳಿಯುತ್ತದೆ. ಮೆತ್ತನೆಯ ಸೀಟಿನಿಂದ ಗಟ್ಟಿ ಸೀಟಿಗೆ ಬದಲಾದವರು ಒಂದು ಮಾತು ನೆನಪಿಡಬೇಕು: ಹಳೆಯದು ನಿಮ್ಮ ಭಾರಕ್ಕೆ ತಗ್ಗುತ್ತಿತ್ತು, ಹೊಸದು ತಗ್ಗುವುದಿಲ್ಲ. ಟೇಪಿನಲ್ಲಿ ಅಳತೆ ಅದೇ ಇದ್ದರೂ ಕೂತಾಗ ನೀವು ಮೇಲಿರುತ್ತೀರಿ. ಹಿಮ್ಮಡಿ ಪರೀಕ್ಷೆಯನ್ನು ಹೊಸದಾಗಿ ಮಾಡಿ.

ಎತ್ತರಿಸುವಾಗ ಸೀಟ್‌ಪೋಸ್ಟಿನ ಮೇಲೆ ಕೊರೆದ ಗೆರೆ ಹೊರಗೆ ಕಾಣಬಾರದು. ಕಂಡರೆ ಪೋಸ್ಟು ಬಾಗಬಹುದು, ಫ್ರೇಮ್ ಸೀಳಬಹುದು. ಉದ್ದದ ಪೋಸ್ಟು ಹಾಕಿಸಿ. ಅದರ ದಪ್ಪವೂ ಅಂಕೆಯ ಪ್ರಕಾರ ಹೊಂದಬೇಕು: ಗೇರ್ ಸೈಕಲ್ಲುಗಳಲ್ಲಿ 27.2 ಮಿಲಿಮೀಟರ್ ಬಹಳ ಸಾಮಾನ್ಯ. ಅಂಕೆ ಪೋಸ್ಟಿನ ಕೆಳತುದಿಯಲ್ಲಿ ಅಚ್ಚಾಗಿರುತ್ತದೆ. 'ಹತ್ತಿರ ಹತ್ತಿರ ಕೂರುತ್ತೆ' ಎಂದು ಬೇರೆ ದಪ್ಪದ್ದನ್ನು ಬಿಗಿಯಲು ಬಿಡಬೇಡಿ.

ಆಮೇಲೆ ಹಿಂದೆ ಮುಂದೆ. ಕ್ರ್ಯಾಂಕನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿರುವ ಗುಬುಟಿನಿಂದ ದಾರಕ್ಕೆ ಒಂದು ನಟ್ಟು ಕಟ್ಟಿ ಇಳಿಬಿಡಿ, ಗಾರೆಯವರು ಗುಂಡು ಬಿಡುವಂತೆ. ದಾರ ಪೆಡಲಿನ ಅಚ್ಚಿನ ಮೇಲೆ ಬಿದ್ದರೆ ಒಳ್ಳೆಯ ಶುರುವಾತು. ಸೀಟನ್ನು 1 ಸೆಂಟಿಮೀಟರ್ ಹಿಂದೆ ಸರಿಸಿದರೆ ಪೆಡಲಿನಿಂದ ದೂರವೂ ಸುಮಾರು 3 ಮಿಲಿಮೀಟರ್ ಹೆಚ್ಚುತ್ತದೆ, ಅಷ್ಟು ತಗ್ಗಿಸಿ. ಹ್ಯಾಂಡಲ್ ಎಟುಕುವುದಿಲ್ಲವೆಂದು ಸೀಟನ್ನು ಮುಂದೆ ಎಳೆಯುವುದು ತಪ್ಪು ಮದ್ದು. ಅದಕ್ಕೆ ಹ್ಯಾಂಡಲನ್ನು ಸೈಕಲ್ಲಿಗೆ ಸೇರಿಸುವ ಸ್ಟೆಮ್ ಗಿಡ್ಡದು ಹಾಕಿಸಬೇಕು. ಎಟುಕದ ಹ್ಯಾಂಡಲಿನಿಂದಲೇ ಎಷ್ಟೋ ಜನ ತಮಗೆ ಗೊತ್ತಿಲ್ಲದೆ ಮುಂದೆ ಜಾರಿ, ಸೀಟಿನ ಮೂತಿಯ ಮೇಲೆ ಕೂತು ನೋವು ತಿನ್ನುತ್ತಾರೆ.

ಮೂತಿ ಎಷ್ಟು ತಗ್ಗಬೇಕು

ಮಲೆನಾಡಿನಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ. ಸಮತಟ್ಟು ನೆಲದ ಮೇಲೆ ಸೈಕಲ್ ನಿಲ್ಲಿಸಿ, ಸೀಟಿನ ಉದ್ದಕ್ಕೆ ಒಂದು ಗಟ್ಟಿ ಪುಸ್ತಕ ಇಟ್ಟು ಅದರ ಮೇಲೆ ರಸಮಟ್ಟ ಇಡಿ. ನೆಲ ಮಟ್ಟವಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಅಂಗಳಗಳು ನೀರು ಹರಿಯಲೆಂದು ವಾಟವಾಗಿರುತ್ತವೆ. ಹಿಂಭಾಗ ತುಂಬಾ ಎದ್ದಿರುವ ಸೀಟಾದರೆ ಮುಂದಿನ ಮೂರನೇ ಎರಡು ಭಾಗ ಮಟ್ಟಕ್ಕಿದ್ದರೆ ಸಾಕು. ಎಲ್ಲರೂ ಮಟ್ಟದಿಂದಲೇ ಶುರು ಮಾಡಬೇಕು.

ಆದರೆ ಭದ್ರಾವತಿಯ ಕಡೆಯ ಸಮತಟ್ಟು ದಾರಿಗೆ ಮಟ್ಟ ಮಾಡಿದ ಸೀಟು ಘಾಟಿಯಲ್ಲಿ ಮಟ್ಟವಾಗಿ ಉಳಿಯುವುದಿಲ್ಲ. 100 ಮೀಟರ್ ದಾರಿಗೆ 6 ಮೀಟರ್ ಏರಿದರೆ ಇಡೀ ಸೈಕಲ್ 3.4 ಡಿಗ್ರಿ ಹಿಂದಕ್ಕೆ ವಾಲುತ್ತದೆ, ಸೀಟಿನ ಮೂತಿಯೂ ಅಷ್ಟೇ ಎದ್ದು ನಿಲ್ಲುತ್ತದೆ. ಸೋಮೇಶ್ವರದಿಂದ ಆಗುಂಬೆಗೆ 14 ತಿರುವು ಹತ್ತುವಾಗ, ನಿಧಾನಕ್ಕೆ ಕೂತೇ ತುಳಿಯುವವರಿಗೆ ಆ ಮೂತಿ ಒತ್ತುತ್ತಲೇ ಇರುತ್ತದೆ. ಏರು ದಾರಿಯಲ್ಲೇ ಹೆಚ್ಚು ಓಡಿಸುವವರು 1ರಿಂದ 2 ಡಿಗ್ರಿ ಮೂತಿ ತಗ್ಗಿಸಿಕೊಳ್ಳಿ. 27 ಸೆಂಟಿಮೀಟರ್ ಉದ್ದದ ಸೀಟಿನಲ್ಲಿ 1 ಡಿಗ್ರಿ ಎಂದರೆ ತುದಿಯಲ್ಲಿ ಹತ್ತಿರ ಹತ್ತಿರ 5 ಮಿಲಿಮೀಟರ್. 3 ಡಿಗ್ರಿ ದಾಟಿದರೆ ಸಮತಟ್ಟಿನಲ್ಲಿ ಮುಂದಕ್ಕೆ ಜಾರುತ್ತೀರಿ, ಜಾರುವುದನ್ನು ತಡೆಯಲು ಕೈ ಒತ್ತುತ್ತೀರಿ, ಅಂಗೈ ಜೋಮು ಹಿಡಿಯುತ್ತದೆ. ಕೈ ನೋವಿಗೆ ಹ್ಯಾಂಡಲ್ ಗ್ರಿಪ್ ಬದಲಿಸುತ್ತಾ ಹೋದವರು ಒಮ್ಮೆ ಸೀಟಿನ ಬಾಗು ನೋಡಿಕೊಳ್ಳಿ.

ಇಲ್ಲೊಂದು ತೊಡಕಿದೆ. ಅಗ್ಗದ ಸೈಕಲ್ಲುಗಳಲ್ಲಿ ಸೀಟಿನ ಕೆಳಗೆ ಎರಡು ಬಿಲ್ಲೆಯ ಹಲ್ಲುಗಳು ಒಂದಕ್ಕೊಂದು ಕಚ್ಚುವ ಕ್ಲಾಂಪ್ ಇರುತ್ತದೆ, ಪಾನಾ ಹಾಕಿ ಎರಡೂ ಬದಿಯ ನಟ್ಟು ಬಿಗಿಯುವಂಥದ್ದು. ಅದರಲ್ಲಿ ಬಾಗು ಒಂದು ಹಲ್ಲಿನಿಂದ ಇನ್ನೊಂದಕ್ಕೆ ನೆಗೆಯುತ್ತದೆ, ನಿಮಗೆ ಬೇಕಾದ ಬಾಗು ಎರಡರ ನಡುವೆ ಎಲ್ಲೋ ಇರುತ್ತದೆ. ಹಲ್ಲಿನ ತುದಿಗೆ ತುದಿ ಕೂತಾಗ ಬಿಗಿದರೆ ಮೊದಲ ಗುಂಡಿಗೇ ಸೀಟು ಕಟಕ್ಕೆಂದು ವಾಲುತ್ತದೆ. ಎರಡು ಸಲ ಹಾಗಾದರೆ ಹಲ್ಲು ಸವೆದು, ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಹಿಂದೊಂದು ಮುಂದೊಂದು ಬೋಲ್ಟ್ ಇರುವ ಸೀಟ್‌ಪೋಸ್ಟ್ ಹಾಕಿಸಿಕೊಂಡರೆ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ ಕೂದಲೆಳೆಯಷ್ಟು ಬಾಗು ಬದಲಿಸಬಹುದು. ದುಡ್ಡು ಒಂದೇ ಕಡೆ ಖರ್ಚು ಮಾಡುವಂತಿದ್ದರೆ, ಹೊಸ ಸೀಟಿಗಿಂತ ಮೊದಲು ಇದಕ್ಕೆ ಮಾಡಿ. ಬೋಲ್ಟಿಗೆ ಗ್ರೀಸು ಸವರಿ, ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಸರದಿಯಲ್ಲಿ ಬಿಗಿಯಿರಿ, ಕ್ಲಾಂಪಿನ ಮೇಲೆ ಬರೆದ ಮಿತಿ ದಾಟಬೇಡಿ.

ಪರೀಕ್ಷೆ ಮತ್ತು ನೋವಿನ ಸುಳಿವು

ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಎತ್ತರವಾದರೆ 3 ಮಿಲಿಮೀಟರ್, ಹಿಂದೆ ಮುಂದೆ 5, ಬಾಗು ಅರ್ಧ ಡಿಗ್ರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಗೊತ್ತೇ ಆಗುವುದಿಲ್ಲ. ಸಕ್ರೆಬೈಲಿಗೆ ಎರಡು ಸಲ, ಆಮೇಲೆ ಮಂಡಗದ್ದೆಗೆ, ಕೊನೆಗೆ ತೀರ್ಥಹಳ್ಳಿಗೆ ಹೋಗಿ ಬನ್ನಿ. ಅಲನ್ ಕೀ ಜೇಬಿನಲ್ಲಿರಲಿ. ಹೊಸ ಸೀಟಿಗೆ ಮೂಳೆಯ ಜಾಗ ಮೊದಲ ಎರಡು ವಾರ ನೋಯುವುದು ಸಹಜ, ಅದು ತಾನಾಗಿ ಕಡಿಮೆಯಾಗುತ್ತದೆ. ಜೋಮು ಮತ್ತು ಉರಿ ಹಾಗೆ ಕಡಿಮೆಯಾಗುವುದಿಲ್ಲ, ಕಾಯಬೇಡಿ. ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕಾದ 200 ಕಿಲೋಮೀಟರಿನ ಬ್ರೆವೆ ಎಂಬ ದೂರದ ಸವಾರಿಗೆ ಹಿಂದಿನ ವಾರ ಕೊಂಡ ಸೀಟು ಹಾಕಿಕೊಂಡು ಹೋಗಬೇಡಿ.

ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿದೆ, ಇಲ್ಲವೇ ಮುಂದೆ ಬಂದಿದೆ. ಮಂಡಿಯ ಹಿಂಭಾಗ ಎಳೆಯುತ್ತಿದ್ದರೆ ಎತ್ತರ ಹೆಚ್ಚು. ಹಿಂದಿನಿಂದ ಬರುವವರಿಗೆ ನಿಮ್ಮ ಸೊಂಟ ಅತ್ತಿತ್ತ ವಾಲುವುದು ಕಂಡರೂ ಎತ್ತರವೇ ಕಾರಣ, ಒಳತೊಡೆ ಉಜ್ಜುವುದಕ್ಕೂ ಎಷ್ಟೋ ಸಲ ಅದೇ ಮೂಲ. ಒಂದೇ ಬದಿ ನೋಯುತ್ತಿದ್ದರೆ ಸೀಟಿನ ಮೂತಿ ಫ್ರೇಮಿನ ನೇರಕ್ಕಿದೆಯೇ ಎಂದು ಮೇಲಿನಿಂದ ಕಣ್ಣಳತೆಯಲ್ಲಿ ನೋಡಿ. ಅಡಿಯ ಕಂಬಿ ಬಾಗಿದ ಸೀಟೂ ಹೀಗೆ ಮಾಡುತ್ತದೆ, ಸೈಕಲ್ ಒಮ್ಮೆ ಬಿದ್ದಿದ್ದರೆ ಅದನ್ನೂ ಪರೀಕ್ಷಿಸಿ. ಸವಾರಿ ಮುಗಿದು ಮಾರನೆಯ ದಿನವೂ ಜೋಮು ಹೋಗದಿದ್ದರೆ ಸೈಕಲ್ ಬಿಟ್ಟು ಡಾಕ್ಟರಿಗೆ ತೋರಿಸಿ.

ಎಂಥ ಸೀಟಾದರೂ ಎಡೆಬಿಡದೆ ಕೂರಬಾರದು. ಹೆದ್ದಾರಿಯಲ್ಲಿ ಪ್ರತಿ 5ನೇ ಕಿಲೋಮೀಟರಿನ ಕಲ್ಲು ಉಳಿದವುಗಳಿಗಿಂತ ದೊಡ್ಡದು. ಅದು ಕಂಡಾಗಲೆಲ್ಲ ಗೇರ್ ಎರಡು ಹಲ್ಲು ಗಟ್ಟಿ ಮಾಡಿ 15 ಸೆಕೆಂಡು ಎದ್ದು ತುಳಿಯಿರಿ. ಗಂಟೆಗೆ 20ರ ವೇಗದಲ್ಲಿ ಅದು ಕಾಲು ಗಂಟೆಗೊಮ್ಮೆ ಬರುತ್ತದೆ, ಒತ್ತಿದ ಜಾಗಕ್ಕೆ ರಕ್ತ ಓಡಲು ಅಷ್ಟು ಸಾಕು. ಇಳಿಜಾರಿನಲ್ಲಿ ಪೆಡಲ್ ಸಮ ಮಾಡಿ ಸೀಟಿನಿಂದ ಒಂದಿಂಚು ಎದ್ದಿರಿ. ಟೈರಿನ ಗಾಳಿಯನ್ನೂ ನೋಡಿ: 35 ಮಿಲಿಮೀಟರಿನ ಟೈರಿಗೆ 70 ಕಿಲೋ ತೂಕದವರು 50 ಪಿಎಸ್‌ಐ ಹಾಕಿದರೆ ಸಾಕು. ಕಲ್ಲಿನಂತೆ ತುಂಬಿಸಿದ ಟೈರು ಪ್ರತಿ ಜಲ್ಲಿಯನ್ನೂ ಸೀಟಿಗೆ ಮುಟ್ಟಿಸುತ್ತದೆ.

ಚಡ್ಡಿ, ಚರ್ಮ, ಮಳೆಗಾಲ

ಪ್ಯಾಡ್ ಇರುವ ಸೈಕಲ್ ಚಡ್ಡಿಯ ಒಳಗೆ ಬೇರೆ ಒಳಚಡ್ಡಿ ಹಾಕಬಾರದು. ಅದರ ಹೊಲಿಗೆಯೇ ಗಾಯ ಮಾಡುವುದು. ತೊಡೆಸಂದಿಗೆ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ ಹೊರಡಿ; ಮಳೆಯಲ್ಲಿ ಪ್ಯಾಡು ನೆನೆದು ಹೆಚ್ಚು ಉಜ್ಜುವುದರಿಂದ ಅರ್ಧ ದಾರಿಯಲ್ಲಿ ಇನ್ನೊಮ್ಮೆ. ಮನೆಗೆ ಬಂದ ಕೂಡಲೇ ಚಡ್ಡಿ ಕಳಚಿ, ಸೋಪು ಹಚ್ಚಿ ತೊಳೆದುಬಿಡಿ. ಜುಲೈನಲ್ಲಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲವೆಂದು ಬಚ್ಚಲ ಒಲೆಯ ಮೇಲೆ ಹರವಬೇಡಿ. ಬಿಸಿಗೆ ಎಲಾಸ್ಟಿಕ್ ಸತ್ತು, ಪ್ಯಾಡು ಮುದುಡಿ ಗಟ್ಟಿಯಾಗುತ್ತದೆ. ಒಣ ಟವೆಲ್ಲಿನಲ್ಲಿ ಸುತ್ತಿ ಹಿಂಡಿ, ಪ್ಯಾಡು ಹೊರಮುಖ ಮಾಡಿ ಫ್ಯಾನಿನ ಕೆಳಗೆ ಹಾಕಿ. ಅರೆಒಣ ಪ್ಯಾಡಿನಲ್ಲಿ ಕೂತರೆ ಕುರು ಏಳುವುದು ಖಚಿತ. ಎದ್ದರೆ ಹಿಸುಕಬೇಡಿ, ಬಿಸಿನೀರಿನ ಬಟ್ಟೆಯಿಂದ ಶಾಖ ಕೊಟ್ಟು ಮೂರು ದಿನ ಸೈಕಲ್ ಮುಟ್ಟಬೇಡಿ. ಜ್ವರ ಬಂದರೆ, ಕೆಂಪು ಹರಡಿದರೆ ಡಾಕ್ಟರ ಹತ್ತಿರ ಹೋಗಿ.

ಮಳೆಗಾಲದಲ್ಲಿ ಸೀಟ್‌ಪೋಸ್ಟ್ ಗುಂಟ ನೀರು ಪೈಪಿನೊಳಗೆ ಇಳಿಯುತ್ತದೆ. ತಿಂಗಳಿಗೊಮ್ಮೆ ಪೋಸ್ಟು ಹೊರಗೆಳೆದು, ಸೈಕಲ್ ತಲೆಕೆಳಗು ಮಾಡಿ ನೀರು ಬಸಿದು, ಒರೆಸಿ, ಗ್ರೀಸು ಸವರಿ ಹಾಕಿ. ಕಾರ್ಬನ್ ಪೋಸ್ಟಾದರೆ ಗ್ರೀಸು ಬೇಡ, ಅದಕ್ಕೆಂದೇ ಇರುವ ಪೇಸ್ಟು ಹಚ್ಚಬೇಕು. ಕಬ್ಬಿಣದ ಫ್ರೇಮಿನಲ್ಲಿ ಅಲ್ಯುಮಿನಿಯಂ ಪೋಸ್ಟು ಒಂದು ಮಳೆಗಾಲ ಹಾಗೇ ಬಿಟ್ಟರೆ ಬೆಸುಗೆ ಹಾಕಿದಂತೆ ಕಚ್ಚಿಕೊಂಡು, ಆಮೇಲೆ ಗರಗಸವೇ ಗತಿಯಾದೀತು.

ಹಿತವಾದ ಜಾಗ ಸಿಕ್ಕ ದಿನವೇ ನಾಲ್ಕು ಅಂಕೆ ಬರೆದಿಡಿ: ಕ್ರ್ಯಾಂಕಿನ ನಡುವಿನಿಂದ ಸೀಟಿನ ಎತ್ತರ, ಮೂತಿಯಿಂದ ಹ್ಯಾಂಡಲ್ ನಡುವಿಗೆ ದೂರ, ಬಾಗಿನ ಡಿಗ್ರಿ, ಕಂಬಿಯ ಮೇಲೆ ಕ್ಲಾಂಪ್ ನಿಂತಿರುವ ಗೆರೆ. ಸೈಕಲ್ಲನ್ನು ಕಾರಿನಲ್ಲಿ ಹಾಕಿಕೊಂಡು ಆಗುಂಬೆಗೋ ಜೋಗಕ್ಕೋ ಹೊರಟಾಗ ಸೀಟ್‌ಪೋಸ್ಟ್ ಬಿಚ್ಚಬೇಕಾಗುತ್ತದೆ. ಬಿಚ್ಚುವ ಮೊದಲು ಟೇಪಿನ ಸುತ್ತನ್ನು ಈ ಹೊಸ ಎತ್ತರಕ್ಕೆ ಬದಲಿಸಿ, ಗಟ್ಟಿಯಾಗಿ ಅಂಟಿದೆಯೇ ನೋಡಿ, ಮತ್ತೆ ಹಾಕುವಾಗ ಅದರ ಕೆಳಅಂಚು ಫ್ರೇಮಿಗೆ ತಾಗುವಂತೆ ಕೂರಿಸಿ, ಮೂತಿ ನೇರ ಮಾಡಿ ಬಿಗಿಯಿರಿ.